ಲಾಕ್‌ಡೌನ್ ರಜೆ: ತೋಟದ ಮನೆಯಲ್ಲಿರೋ ಮಕ್ಕಳಿಗೆ ಏನು ಕೆಲಸ ಹಚ್ಚೋದು?

ಗದ್ದೆಬದಿ · 11 ಮೇ 2021
ನಿನ್ನೆಯಿಂದ ಮತ್ತೆ ಲಾಕ್‌ಡೌನ್. ಸದ್ಯಕ್ಕೆ 24ರವರೆಗೆ ಅಂದಿದ್ದಾರೆ, ಮುಂದಕ್ಕೆ ಹೋಗೋದರಲ್ಲಿ ಅನುಮಾನ ಇಲ್ಲ. ಮನೆಯಲ್ಲಿ 6 ಮತ್ತು 11 ವರ್ಷದ ಇಬ್ಬರು. ಬೇಸಿಗೆ ಶಿಬಿರ ಇಲ್ಲ, ಹಾಕಿ ಇಲ್ಲ, ನೆಂಟರ ಮನೆ ಇಲ್ಲ. ನೆಟ್‌ವರ್ಕ್ ಎರಡು ಕಡ್ಡಿ, ಅದೂ ಕರೆಂಟ್ ಇದ್ದರೆ. ಗೂಗಲ್ ಮಾಡಿದರೆ ಸಿಗೋದೆಲ್ಲ ಫ್ಲಾಟ್‌ನಲ್ಲಿರೋರಿಗೆ ಬರೆದದ್ದು: ಗ್ಲಿಟರ್ ತನ್ನಿ, ಗ್ಲೂ ಗನ್ ತನ್ನಿ, ಫೋಮ್ ಶೀಟ್ ತನ್ನಿ. ಇಲ್ಲಿ ಕೊಡಗಲ್ಲಿ ಅಂಗಡಿ ತೆಗೆಯೋ ಹೊತ್ತಲ್ಲಿ ಅಕ್ಕಿ ಬೇಳೆ ತರೋದೇ ಸಾಹಸ. ಮನೆಯಲ್ಲಿ, ತೋಟದಲ್ಲಿ ಇರೋ ಸಾಮಾನಲ್ಲೇ ಆಗೋದು ಹೇಳಿ. "ಪ್ರಕೃತಿಯ ಜೊತೆ ಬೆರೆಯಲಿ" ಅನ್ನೋ ಉಪದೇಶ ಬೇಡ, ಅಳತೆ ಸಮೇತ ಹೇಳಿ.

ರೊಬಸ್ಟಾ72
ನರ್ಸರಿ ಬ್ಯಾಗ್ ತುಂಬಿಸೋಕೆ ಕೂರಿಸಿ. 6 ಭಾಗ ಕಾಡುಮಣ್ಣು, 2 ಭಾಗ ಜರಡಿ ಹಿಡಿದ ಹಟ್ಟಿಗೊಬ್ಬರ, 1 ಭಾಗ ಮರಳು. ಆಳು ಹೇಗೂ ಸಿಗ್ತಿಲ್ಲ.

ಕುಟ್ರುಹಕ್ಕಿ
ಅದು ಆಟ ಅಲ್ಲ ಸ್ವಾಮಿ, ಸಂಬಳ ಇಲ್ಲದ ಕೂಲಿ.

ರೊಬಸ್ಟಾ72
ತಲೆಗೆ ಹತ್ತು ಬ್ಯಾಗ್ ಕೊಟ್ಟು, ಅದರಲ್ಲಿ ಬೆಂಡೆ, ಸೌತೆ, ಹಾಗಲ ಅವರಿಗೆ ಬೇಕಾದ್ದು ಹಾಕೋಕೆ ಬಿಟ್ಟರೆ ಕೂಲಿ ಹೇಗಾಗುತ್ತೆ? ಬ್ಯಾಗ್ ಮೇಲೆ ಅವರದೇ ಹೆಸರು. ಒಂದು ವಿಷಯ: ಕೆಳಗಿನ ತೂತು ತೆರೆದಿದೆಯಾ ನೋಡಿ, ಮಣ್ಣನ್ನ ಒತ್ತಿ ಒತ್ತಿ ಗಟ್ಟಿ ಮಾಡೋಕೆ ಬಿಡಬೇಡಿ. ಮಕ್ಕಳು ಮಾಡೋದೇ ಅದು. ನೀರು ಮೇಲೇ ನಿಂತು ಬೀಜ ಕೊಳೆಯುತ್ತೆ. ಆಮೇಲೆ "ಬೀಜ ಸರಿ ಇಲ್ಲ" ಅಂತಾರೆ.

ಇಂಚು_ಸೆಂಟ್
ಅಳತೆ ಕೇಳಿದ್ರಲ್ಲ, ತಗೊಳ್ಳಿ. 11 ವರ್ಷದವರಿಗೆ ಮಳೆ ಮಾಪಕಕ್ಕಿಂತ ಒಳ್ಳೇ ಕೆಲಸ ಇಲ್ಲ. ಈ ಜಿಲ್ಲೆಯಲ್ಲಿ ಯಾರು ಯಾರಿಗೆ ಫೋನ್ ಮಾಡಿದರೂ ಮೊದಲನೇ ಪ್ರಶ್ನೆ "ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?" ಅಂತಲೇ. ಸೆಂಟ್ ಅಂದರೆ ಮಳೆ ಅಳತೆ, ಇಂಚಿನ ನೂರರಲ್ಲೊಂದು ಭಾಗ. ಉತ್ತರ ಮಗುವಿನ ಹತ್ತಿರ ಮಾತ್ರ ಇದ್ದರೆ ಅದರ ಗತ್ತೇ ಬೇರೆ.

ಬೇಕಾದ್ದು: ಬಾಯಿ ಸರಿಯಾಗಿ 10 ಸೆಂ.ಮೀ. ಅಗಲ ಇರೋ ಆಲಿಕೆ, ಒಂದು ಲೀಟರ್ ಬಾಟಲಿ, ಸೂಜಿ ಇಲ್ಲದ 10 ಎಂ.ಎಲ್. ಸಿರಿಂಜ್ ಅಥವಾ ಸಿರಪ್ ಜೊತೆ ಬರೋ ಅಳತೆ ಮುಚ್ಚಳ.

ಲೆಕ್ಕ ಮಗುವಿನ ಕೈಯಲ್ಲೇ ಮಾಡಿಸಿ. 10 ಸೆಂ.ಮೀ. ವೃತ್ತದ ವಿಸ್ತೀರ್ಣ 78.5 ಚದರ ಸೆಂ.ಮೀ. ಒಂದು ಇಂಚು ಅಂದರೆ 2.54 ಸೆಂ.ಮೀ. ಎರಡನ್ನೂ ಗುಣಿಸಿದರೆ ಹೆಚ್ಚುಕಮ್ಮಿ 200 ಎಂ.ಎಲ್. ಇಂಚಿಗೆ 100 ಸೆಂಟ್, ಹಾಗಾಗಿ 2 ಎಂ.ಎಲ್. ನೀರು ಅಂದರೆ 1 ಸೆಂಟ್ ಮಳೆ. ಆಲಿಕೆ 12 ಸೆಂ.ಮೀ. ಇದ್ದರೆ ಸೆಂಟ್‌ಗೆ 2.9 ಎಂ.ಎಲ್. ಆಗುತ್ತೆ. ಬಾಟಲಿಯ ಆಕಾರ ಏನಿದ್ದರೂ ಪರವಾಗಿಲ್ಲ, ಲೆಕ್ಕಕ್ಕೆ ಬರೋದು ಆಲಿಕೆಯ ಬಾಯಿ ಮಾತ್ರ.

ಇಡೋ ಜಾಗದಲ್ಲೇ ಎಲ್ಲರೂ ಎಡವೋದು. ಸಿಲ್ವರ್ ಓಕ್ ಕೆಳಗೆ, ಸೂರಿನ ಹತ್ತಿರ ಇಟ್ಟರೆ ಮಳೆ ನಿಂತು ಅರ್ಧ ಗಂಟೆ ಆದಮೇಲೂ ತೊಟ್ಟಿಕ್ಕುತ್ತಲೇ ಇರುತ್ತೆ. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಲಿ. ಕಾಫಿ ಕಣದ ನಡುವೆ ಒಳ್ಳೇದು, ಈಗ ಹೇಗೂ ಖಾಲಿ. ಆಲಿಕೆಯ ಬಾಯಿ ನೆಲದಿಂದ ಒಂದು ಅಡಿ ಮೇಲಿರಲಿ, ಕಾಂಕ್ರೀಟ್ ಆದರೆ ಇನ್ನೂ ಸ್ವಲ್ಪ ಎತ್ತರ, ಇಲ್ಲದಿದ್ದರೆ ನೆಲದಿಂದ ಸಿಡಿದ ನೀರು ಒಳಗೆ ಬೀಳುತ್ತೆ. ಓರೆಯಾಗದ ಹಾಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಚೆಲ್ಲೋದು. ಹವಾಮಾನ ಇಲಾಖೆಯವರು ಅಳೆಯೋದೂ ಆ ಹೊತ್ತಿಗೇ.

ಬೆಂಗಳೂರಿಂದ_ಬಂದವ
ಇಷ್ಟೆಲ್ಲ ಯಾಕೆ? ಎರಡು ಲೀಟರ್ ಸೋಡಾ ಬಾಟಲಿ ಕತ್ತರಿಸಿ, ಮೇಲಿನ ಭಾಗ ಬೋರಲು ಹಾಕಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿದರೆ ಆಯ್ತಲ್ಲ. ಯೂಟ್ಯೂಬ್ ತುಂಬ ಅದೇ ಇದೆ.

ಇಂಚು_ಸೆಂಟ್
ಇದೆ, ತಪ್ಪು ಲೆಕ್ಕ ಕೊಡುತ್ತಾ ಇದೆ. ಸೋಡಾ ಬಾಟಲಿಯ ತಳದಲ್ಲಿ ಐದು ಗುಬ್ಬೆ, ನಡುವೆ ಸೊಂಟ. ಅದಕ್ಕೆ ಸ್ಕೇಲ್ ಅಂಟಿಸಿದರೆ ಮೊದಲ ಇಂಚೇ ಸುಳ್ಳು. ಮಾಡಲೇಬೇಕು ಅಂದರೆ ತಳಕ್ಕೆ ಸಣ್ಣ ಕಲ್ಲು ಹಾಕಿ, ಗುಬ್ಬೆ ಮುಳುಗೋವರೆಗೆ ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಗೆರೆ ಎಳೀರಿ. ಗೋಡೆ ನೇರ ಇರೋ ಬಾಟಲಿ ಹುಡುಕಿ. ಪ್ರತಿ ಸಲ ಚೆಲ್ಲಿದ ಮೇಲೆ ಮತ್ತೆ ಸೊನ್ನೆಗೆ ನೀರು ತುಂಬಬೇಕು, ಮಕ್ಕಳು ಮರೆಯೋದು ಇದನ್ನೇ.

ಹಳೆ_ಮೇಷ್ಟ್ರು
ಅಳತೆ ಎಲ್ಲ ಸರಿ. ಆದರೆ ಟೈಂಟೇಬಲ್ ಇಲ್ಲದೆ ಯಾವುದೂ ಎರಡು ದಿನ ನಿಲ್ಲಲ್ಲ. ಬೆಳಿಗ್ಗೆ 9ರಿಂದ 10 ಓದು, 10ರಿಂದ 11 ಚಿತ್ರ, ಹೀಗೆ ಗೋಡೆಗೆ ಅಂಟಿಸಿ.

ಕುಟ್ರುಹಕ್ಕಿ
ಗೋಡೆಗೆ ಅಂಟಿಸಿದ ಟೈಂಟೇಬಲ್ ಮೂರನೇ ದಿನ ಗೋಡೆಗೆ ಮಾತ್ರ ಪಾಠ ಹೇಳ್ತಿರುತ್ತೆ. ಗಂಟೆ ಲೆಕ್ಕ ಬೇಡ, ದಿನಕ್ಕೆ ಎರಡು ಗೂಟ ಸಾಕು: ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯೋದು, ಸಂಜೆ ಹಕ್ಕಿಗೆ ನೀರು ಬದಲಾಯಿಸೋದು. ನಡುವಿನ ಹೊತ್ತು ಅವರದ್ದು. ಬೇಜಾರು ಅಂತ ಒಂದು ಗಂಟೆ ಬಿದ್ದುಕೊಂಡಿರಲಿ, ಏನೂ ಆಗಲ್ಲ.

ಹಕ್ಕಿ ನೀರಿನ ತಟ್ಟೆ ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಒರಟು ಕಲ್ಲು ಇಡಿ. ಮಡಕೆ ಚೂರು, ಹಳೇ ಹಂಚು ಇದ್ದರೆ ಬಹಳ ಒಳ್ಳೇದು, ಸ್ಟೀಲ್ ತಟ್ಟೆ ಕಾಯುತ್ತೆ, ಕಾಲು ಜಾರುತ್ತೆ. ನೀರು ದಿನಾ ಚೆಲ್ಲಬೇಕು. ವಾರ ಬಿಟ್ಟರೆ ಸೊಳ್ಳೆ ಸಾಕಿದ ಹಾಗೆ, ಕೊರೊನಾ ಜೊತೆಗೆ ಡೆಂಗ್ಯೂ ಬೇರೆ ಬೇಕಾ?

ಹಳೆ_ಮೇಷ್ಟ್ರು
ಎರಡು ಗೂಟ ಅನ್ನೋದೂ ಟೈಂಟೇಬಲ್ಲೇ ಅಲ್ವೇನ್ರಿ.

ಕುಟ್ರುಹಕ್ಕಿ
ಹೌದು ಮೇಷ್ಟ್ರೇ, ಪೀರಿಯಡ್ ಕಮ್ಮಿ, ಅಷ್ಟೇ.

ಮಲೆಸೀಮೆ · 12 ಮೇ
ನಾನು ಸ್ಫಟಿಕ ಬೆಳೆಸೋದು ಹೇಳೋಣ ಅಂತಿದ್ದೆ. ಎಲ್ಲರ ಮನೆಯಲ್ಲೂ ಈಗ ಬೋರ್ಡೋಗೆ (ಸುಣ್ಣದ ಜೊತೆ ಕಲಸಿ ಗಿಡದ ರೋಗಕ್ಕೆ ಹೊಡೆಯೋ ಔಷಧಿ) ತಂದ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಇದೆ. ಬಿಸಿನೀರಿಗೆ ಹಾಕಿ ದಾರ ಇಳಿಬಿಟ್ಟರೆ ನೀಲಿ ಹರಳು ಎಷ್ಟು ಚೆಂದ!

ಔಷಧಿ_ಅಂಗಡಿ
ದಯವಿಟ್ಟು ಬೇಡ. ಮೈಲುತುತ್ತ ವಿಷ. ಹೊಟ್ಟೆಗೆ ಹೋದರೆ ವಾಂತಿ, ಆಮೇಲೆ ಕಿಡ್ನಿ, ಲಿವರ್‌ಗೆ ಪೆಟ್ಟು. ಆರು ವರ್ಷದ ಮಗು ಇರೋ ಮನೆಯಲ್ಲಿ ನೀಲಿ ಸಕ್ಕರೆ ಹರಳಿನ ಹಾಗೆ ಕಾಣೋದನ್ನ ಲೋಟದಲ್ಲಿ ಇಡೋದು ಯಾವ ಬುದ್ಧಿ? ಬೋರ್ಡೋ ಕಲಸೋ ದಿನ ಮಕ್ಕಳನ್ನ ಡ್ರಮ್ ಹತ್ತಿರನೇ ಬಿಡಬಾರದು. ಸುಟ್ಟ ಸುಣ್ಣ ನೀರಿಗೆ ಬಿದ್ದರೆ ಕುದಿಯುತ್ತೆ, ಕಣ್ಣಿಗೆ ಸಿಡಿದರೆ ಕಥೆ ಮುಗೀತು. ಈಗ ಆಸ್ಪತ್ರೆಗೆ ಹೋಗೋ ಕಾಲವೂ ಅಲ್ಲ.

ಹರಳೇ ಬೇಕು ಅಂದರೆ ಪಟಿಕ ತಗೊಳ್ಳಿ, ಕ್ಷೌರದಂಗಡಿಯವರು ಉಜ್ಜೋದು. ಅದನ್ನೂ ಬಾಯಿಗೆ ಹಾಕಬಾರದು, ಆದರೆ ಮೈಲುತುತ್ತದಷ್ಟು ಅಪಾಯ ಇಲ್ಲ. 200 ಎಂ.ಎಲ್. ಬಿಸಿನೀರಿಗೆ 50 ಗ್ರಾಂ ಪುಡಿ ಪಟಿಕ. ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅಲ್ಲಾಡಿಸದೆ ರಾತ್ರಿ ಬಿಡಿ. ತಳದಲ್ಲಿ ಸಣ್ಣ ಸಣ್ಣ ಹರಳು ಕೂತಿರುತ್ತೆ. ಅದರಲ್ಲಿ ಅಂಚು ಚೂಪಾಗಿರೋ ಒಂದನ್ನ ಆರಿಸಿ, ಗಾಳದ ನೂಲಿಗೆ ಕಟ್ಟಿ, ಅದೇ ತಿಳಿನೀರಿಗೆ ಇಳಿಬಿಡಿ. ಮೇಲೆ ತೆಳು ಬಟ್ಟೆ.

ಹಾಳಾಗೋದು ಎಲ್ಲಿ ಅಂದರೆ: ಹತ್ತಿ ದಾರ ಕಟ್ಟಿದರೆ ಅದರ ಎಳೆ ಎಳೆಗೂ ಹರಳು ಹಿಡಿದು ಗೊಂಚಲಾಗುತ್ತೆ, ಒಂಟಿ ಹರಳು ಬೆಳೆಯಲ್ಲ. ಕಿಟಕಿ ಪಕ್ಕ ಇಟ್ಟರೆ ಮಧ್ಯಾಹ್ನದ ಬಿಸಿಗೆ ನೀರು ಕಾದು, ಕಟ್ಟಿದ ಹರಳೂ ಕರಗುತ್ತೆ. ಕತ್ತಲೆ ಮೂಲೆಯ ಕಪಾಟು ಸರಿ. ಮಳೆ ಹಿಡಿದರೆ ಗಾಳಿಯಲ್ಲಿ ತೇವ ಜಾಸ್ತಿ, ನೀರು ಆರಲ್ಲ, ಹರಳು ಬೆಳೆಯಲ್ಲ. ಹಾಗಾಗಿ ಮಾಡೋದಾದರೆ ಈ ವಾರವೇ ಮಾಡಿ.

ಮಲೆಸೀಮೆ
ಸರಿ ಸರಿ, ಪಟಿಕ. ಆದರೆ ಮೈಲುತುತ್ತ ನೋಡೋಕೂ ಬಿಡಬೇಡಿ ಅಂದರೆ ಅತಿ ಆಯ್ತು.

ಔಷಧಿ_ಅಂಗಡಿ
ನೋಡಲಿ. ಬೀಗ ಹಾಕಿದ ಗೋದಾಮಿನ ಕಿಟಕಿಯಿಂದ.
ಇನ್ನೊಂದು. ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಇರುತ್ತೆ. ಹಚ್ಚಿಕೊಂಡ ಕೈ ಒಣಗೋ ಮೊದಲು ಒಲೆ, ದೀಪದ ಹತ್ತಿರ ಹೋಗಬಾರದು. ಮನೆಯಲ್ಲೇ ಇರೋರಿಗೆ ಸೋಪು ನೀರು ಸಾಕು.

ಓಟೆಬಿದಿರು
ಇಷ್ಟು ಹೊತ್ತಾದರೂ ಯಾರೂ ಪೆಟ್ಲು, ಅದೇ ಬಿದಿರಿನ ಆಟದ ಕೋವಿ, ಹೆಸರು ಎತ್ತಿಲ್ಲ! ಕೋವಿ ನಾಡಲ್ಲಿ ಇದೇನು ಅನ್ಯಾಯ.

ಓಟೆಯ (ಸಣ್ಣ ಜಾತಿ ಬಿದಿರು) ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿನ ನಡುವಿನ ತುಂಡು, ಗಂಟು ಬರಬಾರದು. 20ರಿಂದ 25 ಸೆಂ.ಮೀ. ಉದ್ದ, ಒಳತೂತು ಕಿರುಬೆರಳಿಗಿಂತ ಸಣ್ಣ, ಸುಮಾರು 8 ಮಿ.ಮೀ. ಹಸಿ ಓಟೆ ಒಣಗುವಾಗ ಸೀಳುತ್ತೆ, ಬಿಸಿಲಿಗೆ ಇಡದೆ ನೆರಳಲ್ಲಿ ಒಣಗಿಸಿ. ಕೋಲಿಗೆ ಬಲಿತ ಬಿದಿರು, ಒಂದು ತುದಿಯಲ್ಲಿ ಹಿಡಿ. ಕೋಲಿನ ಉದ್ದವೇ ಇಲ್ಲಿ ಗುಟ್ಟು: ಪೂರ್ತಿ ತಳ್ಳಿದಾಗ ಕೊಳವೆಯ ಬಾಯಿಗೆ ಒಂದು ಸೆಂ.ಮೀ. ಮೊದಲೇ ನಿಲ್ಲಬೇಕು. ಮೊದಲ ಉಂಡೆ ಅಲ್ಲಿ ಸಿಕ್ಕಿಕೊಂಡು ಬಿರಡೆ ಆಗುತ್ತೆ. ಎರಡನೇ ಉಂಡೆ ಹಿಂದಿನಿಂದ ತಳ್ಳಿದಾಗ ನಡುವಿನ ಗಾಳಿ ಒತ್ತಿ, ಮುಂದಿನದು "ಪಟ್" ಅಂತ ಹಾರುತ್ತೆ. ಕೋಲು ಉದ್ದ ಆದರೆ ಎರಡೂ ಒಟ್ಟಿಗೆ ಆಚೆ ಬೀಳುತ್ತೆ, ಸದ್ದೇ ಬರಲ್ಲ.

ಉಂಡೆಗೆ ಜುಮ್ಮನಕಾಯಿ ಅನ್ನೋ ಕಾಡುಕಾಯಿ ಸಿಗದಿದ್ದರೆ ಹಳೇ ಪೇಪರ್ ನೀರಲ್ಲಿ ನೆನೆಸಿ ಹಿಂಡಿ ಕಟ್ಟಿ. ತುಂಬ ಒದ್ದೆ ಇದ್ದರೆ ಗಾಳಿ ಸೋರುತ್ತೆ, ಒಣಗಿದ್ದರೆ ಸಿಕ್ಕಿಹಾಕಿಕೊಳ್ಳುತ್ತೆ.

ಹಳೆ_ಮೇಷ್ಟ್ರು
ಕಣ್ಣು?

ಓಟೆಬಿದಿರು
ಮನುಷ್ಯರ ಕಡೆ, ನಾಯಿ ಕಡೆ ಗುರಿ ಇಟ್ಟರೆ ಪೆಟ್ಲು ಒಲೆಗೆ. ಕಣದಲ್ಲಿ ಹಳೇ ಡಬ್ಬ ಸಾಲಾಗಿ ಇಡಿ, ಎರಡು ಮಾರು ದೂರದಿಂದ ಹೊಡೀಲಿ. ಕಲ್ಲು, ಕಾಳುಮೆಣಸು ತುಂಬಿಸೋಕೆ ಬಿಡಬೇಡಿ. 11 ವರ್ಷದವರಿಗೆ ಸರಿ, 6ಕ್ಕೆ ಬೇಡ.

ಬೆಂಗಳೂರಿಂದ_ಬಂದವ
6 ವರ್ಷದವರಿಗೆ ಏನಿದೆ ಹಾಗಾದರೆ? ಎಲ್ಲ ದೊಡ್ಡವರಿಗೇ ಹೇಳ್ತಿದ್ದೀರಿ.

ಕಾಡುಮಾವು
ಅಡಿಕೆ ಹಾಳೆ ಬಂಡಿ. ಒಬ್ಬರು ಕೂರೋದು, ಒಬ್ಬರು ಎಳೆಯೋದು. ಒಣ ಹಾಳೆ ಕಾಂಕ್ರೀಟಿನ ಮೇಲೆ ಒಂದೇ ಸಲಕ್ಕೆ ಹರಿಯುತ್ತೆ, ಹುಲ್ಲಿನ ಮೇಲೆ ಎಳೀರಿ. ತೆಂಗಿನ ಗರಿಯಲ್ಲಿ ಗಿರಿಗಿಟ್ಲೆ, ವಾಚು, ಹಾವು. ಎಲೆಯ ಅಚ್ಚು: ಎಲೆಯ ಬೆನ್ನು ಮೇಲೆ ಮಾಡಿ, ಅದರ ಮೇಲೆ ತೆಳು ಕಾಗದ, ಕ್ರೇಯಾನ್ ಅಡ್ಡ ಮಲಗಿಸಿ ಉಜ್ಜೋದು. ರೊಬಸ್ಟಾ ಕಾಫಿ ಎಲೆ ಅಗಲ, ನರ ಎದ್ದು ಕಾಣುತ್ತೆ. ಅರೇಬಿಕಾ ಪಕ್ಕದಲ್ಲಿಟ್ಟು ಅಚ್ಚು ತೆಗೆಸಿದರೆ ಎರಡರ ವ್ಯತ್ಯಾಸ ಅವರೇ ಹೇಳ್ತಾರೆ.
ಹಲಸಿನ ತೊಳೆ ಬಿಡಿಸೋಕೂ ಕೂರಿಸಬಹುದು. ಕೈಗೆ ಮೊದಲೇ ಕೊಬ್ಬರಿ ಎಣ್ಣೆ, ಅಂಟು ಹಿಡಿದ ಮೇಲೆ ಅಲ್ಲ.

ಅಳಗುಳಿ_ಅಜ್ಜಿ
ಅಳಗುಳಿ ಮಣೆ ಆಡಿಸಿ, ಎಣಿಕೆ ತಾನಾಗೇ ಬರುತ್ತೆ. 14 ಗುಳಿ, ಗುಳಿಗೆ 4 ಬೀಜ, ಒಟ್ಟು 56. ಮಣೆ ಇಲ್ಲದಿದ್ದರೆ ಮೊಟ್ಟೆ ಟ್ರೇ ಕತ್ತರಿಸಿಕೊಳ್ಳಿ.

ಇಂಚು_ಸೆಂಟ್
ಮೊಟ್ಟೆ ಟ್ರೇ 5 × 6. ಸಾಲಿಗೆ 7 ಎಲ್ಲಿಂದ ಬರುತ್ತೆ?

ಅಳಗುಳಿ_ಅಜ್ಜಿ
2 × 6 ಒಂದು ತುಂಡು, 2 × 1 ಇನ್ನೊಂದು ತುಂಡು, ಹಿಂದಿನಿಂದ ರಟ್ಟು ಕೊಟ್ಟು ಮೈದಾ ಅಂಟಲ್ಲಿ ಜೋಡಿಸಿ. ಇಂಚು ಸೆಂಟ್ ಲೆಕ್ಕ ಹಾಕೋರಿಗೆ ಇಷ್ಟೂ ಹೊಳೀಲಿಲ್ವಾ?
ಆಟ: ತನ್ನ ಸಾಲಿನ ಒಂದು ಗುಳಿಯ ಬೀಜ ಪೂರ್ತಿ ತೆಗೆದು ಬಲಕ್ಕೆ ಒಂದೊಂದೇ ಹಾಕುತ್ತಾ ಹೋಗೋದು. ಕೈ ಖಾಲಿ ಆದಾಗ ಮುಂದಿನ ಗುಳಿಯಿಂದ ತೆಗೆದು ಮುಂದುವರಿಸೋದು. ಮುಂದಿನದು ಖಾಲಿ ಇದ್ದರೆ, ಅದರ ಆಚೆಯ ಗುಳಿಯಲ್ಲಿ ಇರೋದೆಲ್ಲ ಗೆದ್ದ ಹಾಗೆ, ಸರದಿ ಬದಲು. ಎರಡು ಗುಳಿ ಸಾಲಾಗಿ ಖಾಲಿ ಇದ್ದರೆ ಏನೂ ಸಿಗಲ್ಲ. ಹಾಕುತ್ತಾ ಹೋಗುವಾಗ ಯಾವ ಗುಳಿಯಲ್ಲಿ ಬೀಜ ಸೇರಿ ಸೇರಿ 4 ಆಗುತ್ತೋ ಅದು "ಹಸು", ಆ ಸಾಲಿನವರಿಗೆ.

ಔಷಧಿ_ಅಂಗಡಿ
ಬೀಜದ ವಿಷಯ ಹುಷಾರು. ಪೂರ್ತಿ ಕೆಂಪು ಮಂಜಾಡಿ ಸರಿ. ಕೆಂಪಿನ ಮೇಲೆ ಕಪ್ಪು ಚುಕ್ಕೆ ಇದ್ದರೆ ಅದು ಗುಲಗಂಜಿ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಹುಣಸೆ ಬೀಜ ಸಾಕು.

ರೊಬಸ್ಟಾ72
ಅಜ್ಜಿ, ಹಸು ಅಂದರೆ ಆಡೋರಿಗೇ ಅಲ್ವಾ? ಯಾರ ಸಾಲಲ್ಲಿ ಆದರೇನು?

ಅಳಗುಳಿ_ಅಜ್ಜಿ
ಯಾರ ಕೊಟ್ಟಿಗೆಯಲ್ಲಿ ಕರು ಹಾಕಿತೋ ಅವರದ್ದು.

ಲೈನ್‌ಮನೆ · 13 ಮೇ
ಇಲ್ಲಿ ಹೇಳೋ ಎಲ್ಲಾ ಆಟಕ್ಕೂ ಒಂದು ಕಣ, ಒಂದು ಅಂಗಳ ಬೇಕು. ಲೈನ್ ಮನೆಯಲ್ಲಿರೋ ತೋಟದ ಕಾರ್ಮಿಕರ ಮಕ್ಕಳಿಗೂ ಇದೇ ರಜೆ. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮಕ್ಕಳು ಒಬ್ಬರೇ, ಫೋನ್ ಅಪ್ಪನ ಜೇಬಲ್ಲಿ. ಅವರ ಬಗ್ಗೆ ಯಾರಾದರೂ ಯೋಚನೆ ಮಾಡಿದ್ದೀರಾ?

ರೊಬಸ್ಟಾ72
ಜೊತೆಗೆ ಆಡಿಸಿದರೆ ಕೊರೊನಾ ಅಂತೀರಿ, ಬಿಟ್ಟರೆ ಭೇದ ಅಂತೀರಿ.

ಲೈನ್‌ಮನೆ
ಜೊತೆಗೆ ಆಡಿಸಿ ಅಂದೆನಾ? ಪುಸ್ತಕ, ಕ್ರೇಯಾನ್, ಅಳಗುಳಿ ಬೀಜ ಒಂದು ಗೋಣಿಯಲ್ಲಿ ಹಾಕಿ ಕಳಿಸೋಕೆ ಏನು ಕಷ್ಟ? ವಾರಕ್ಕೊಮ್ಮೆ ವಾಪಸ್, ಮೂರು ದಿನ ಪಕ್ಕಕ್ಕಿಟ್ಟು ಮತ್ತೆ ಇನ್ನೊಂದು ಮನೆಗೆ. ಮಳೆ ಮಾಪಕ ಎರಡು ಮಾಡಿ, ಒಂದು ಅಲ್ಲಿಡಿ. ಒಂದೇ ತೋಟದ ಎರಡು ತುದಿಯಲ್ಲಿ ಬೇರೆ ಬೇರೆ ಸೆಂಟ್ ಬರುತ್ತೆ, ಬೆಳಿಗ್ಗೆ ಕೂಗಿ ಹೇಳಿಕೊಳ್ಳಲಿ.

ಇಂಚು_ಸೆಂಟ್
ಇದು ಮಾತು. ಮೇ ತಿಂಗಳ ಗುಡುಗು ಮಳೆಯಲ್ಲಿ ಗುಡ್ಡದ ಈಚೆಗೂ ಆಚೆಗೂ ಸಂಬಂಧವೇ ಇರಲ್ಲ.

ಕೆರೆಏರಿ
ಆಟಕ್ಕಿಂತ ಮೊದಲು ಇದನ್ನ ಓದಿ. ರಜೆಯಲ್ಲಿ ತೋಟದಲ್ಲಿ ಆಗೋ ದೊಡ್ಡ ಅನಾಹುತ ಕೆರೆಯಲ್ಲಿ. ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಅಂತ ಎಲ್ಲರೂ ಕೆರೆ, ಹೊಂಡ ಮಾಡಿಸಿದ್ದೇವೆ. ಪ್ಲಾಸ್ಟಿಕ್ ಹಾಸಿದ ಹೊಂಡ ಮಣ್ಣಿನ ಕೆರೆಗಿಂತ ಅಪಾಯ. ಹಾಳೆ ಒದ್ದೆ ಆದರೆ ಈಜು ಬರೋ ದೊಡ್ಡವರಿಗೂ ಹತ್ತೋಕಾಗಲ್ಲ, ಕಾಲು ಜಾರುತ್ತೆ. ನಾಲ್ಕೂ ಬದಿಯಲ್ಲಿ ಗೂಟಕ್ಕೆ ಕಟ್ಟಿದ ದಪ್ಪ ಹಗ್ಗ ನೀರಿನವರೆಗೆ ಇಳಿಬಿಡಿ, ಅಡಿಗೊಂದು ಗಂಟು ಹಾಕಿ. ಗಾಳಿ ತುಂಬಿದ ಹಳೇ ಟ್ಯೂಬ್ ದಡದಲ್ಲೇ ಇರಲಿ. ಬೇಲಿಗೆ ಗೇಟ್ ಇದ್ದರೆ ಸಾಲದು, ಬೀಗ ಬೇಕು. ಇನ್ನು ಆನೆ ಓಡಾಡೋ ಕಡೆ, ಬೆಳಿಗ್ಗೆ ಏಳಕ್ಕೆ ಮುಂಚೆ, ಸಂಜೆ ಐದರ ಮೇಲೆ ಮಕ್ಕಳು ಅಂಗಳ ದಾಟೋದು ಬೇಡ.

ಡ್ರಿಬ್ಲರ್
1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ, ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿ ಹೋದ ವರ್ಷವೂ ಇಲ್ಲ, ಈ ವರ್ಷವೂ ಇಲ್ಲ. ಹಾಗಂತ ಸ್ಟಿಕ್ ಅಟ್ಟದ ಮೇಲಿಡಬೇಡಿ. ಖಾಲಿ ಕಣಕ್ಕಿಂತ ಒಳ್ಳೇ ಜಾಗ ಬೇಕಾ?

ಸ್ಟಿಕ್ ನೆಲಕ್ಕೆ ನಿಲ್ಲಿಸಿದರೆ ಮಗುವಿನ ಸೊಂಟದ ಮೂಳೆಯವರೆಗೆ ಬರಬೇಕು. ದೊಡ್ಡವರ ಸ್ಟಿಕ್ ಕೊಟ್ಟರೆ ಬೆನ್ನು ನೆಟ್ಟಗೆ ನಿಲ್ಲಿಸಿ ಆಡೋ ಚಟ ಬೀಳುತ್ತೆ, ಆಮೇಲೆ ಬಿಡಿಸೋಕಾಗಲ್ಲ. ಎಡಗೈ ತುದಿಯಲ್ಲಿ, ಬಲಗೈ ಅದರಿಂದ ಒಂದು ಗೇಣು ಕೆಳಗೆ. ಸ್ಟಿಕ್ ತಿರುಗಿಸೋದು ಎಡಗೈ. ಬಲಗೈ ಸಡಿಲ ಕೊಳವೆಯ ಹಾಗೆ ಇರಬೇಕು, ಅದರೊಳಗೆ ಸ್ಟಿಕ್ ತಿರುಗಬೇಕು. ಮಕ್ಕಳೆಲ್ಲ ಬಲಗೈ ಬಿಗಿ ಹಿಡೀತಾರೆ, ಹಾಗಾಗಿ ರಿವರ್ಸ್ (ಸ್ಟಿಕ್ ಮಗುಚಿ ಆಡೋದು) ಬರೋದೇ ಇಲ್ಲ. ಮೊದಲು ಚೆಂಡೇ ಇಲ್ಲದೆ, ಬರೀ ಎಡಗೈಯಲ್ಲಿ ಸ್ಟಿಕ್ ತಿರುಗಿಸೋದು ಮಾಡಿಸಿ. ಆಮೇಲೆ ಚೆಂಡು, ಎರಡು ಪಾದದ ಅಗಲದಷ್ಟೇ ಆಚೀಚೆ. ಟೆನಿಸ್ ಚೆಂಡು ಸಾಕು. ಹಾಕಿ ಚೆಂಡು ಕಾಂಕ್ರೀಟ್ ಮೇಲೆ ಪುಟಿದರೆ ಮುಖಕ್ಕೇ.

ಬೆಂಗಳೂರಿಂದ_ಬಂದವ
ಕಣದಲ್ಲಿ ಮಾಸ್ಕ್ ಹಾಕಿಸಬೇಕಾ?

ಔಷಧಿ_ಅಂಗಡಿ
ಮನೆಯವರೇ ಆಡ್ತಿದ್ದರೆ ಬೇಡ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಬೇಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ದೊಡ್ಡ ಮಕ್ಕಳು ಹೊರಗಿನವರ ಹತ್ತಿರ ಹೋಗುವಾಗ ಹಾಕಲಿ.

ಕುಟ್ರುಹಕ್ಕಿ
ರಾತ್ರಿಗೂ ಒಂದು ಹೇಳ್ತೀನಿ. ಬಿಳಿ ಪಂಚೆ ಹಗ್ಗಕ್ಕೆ ಕಟ್ಟಿ, ಮುಂದೆ ಬಲ್ಬ್ ಹಾಕಿ ಪತಂಗ ನೋಡೋದು. ಮಾಮೂಲಿ ಎಲ್ಇಡಿಗೆ ಕಮ್ಮಿ ಬರುತ್ತೆ, ಹಳೇ ಸಿಎಫ್ಎಲ್ ಇದ್ದರೆ ಅದನ್ನ ಹಾಕಿ. ಬೆಳದಿಂಗಳಿದ್ದರೂ ಕಮ್ಮಿ. ಈಗ ಅಮಾವಾಸ್ಯೆ ಕಳೆದು ಒಂದೆರಡು ದಿನ, ಸರಿಯಾದ ಹೊತ್ತು. ಮಳೆ ಬಿದ್ದ ರಾತ್ರಿ ಗೆದ್ದಲಿನ ರೆಕ್ಕೆಹುಳ ಮುತ್ತಿಕೊಂಡರೆ ದೀಪ ಆರಿಸಿ, ಅವತ್ತು ಬೇರೇನೂ ಕಾಣಲ್ಲ. ಕಾಲಿಗೆ ಬೂಟು, ಕೈಯಲ್ಲಿ ಟಾರ್ಚ್. ಹುಳ ತಿನ್ನೋಕೆ ಕಪ್ಪೆ ಬರುತ್ತೆ, ಕಪ್ಪೆ ಹಿಂದೆ ಹಾವು. ಒಂದೂವರೆ ಗಂಟೆ ಆದಮೇಲೆ ದೀಪ ಆರಿಸಿಬಿಡಿ, ಹುಳಗಳಿಗೂ ಬೇರೆ ಕೆಲಸ ಇರುತ್ತೆ.

ಗದ್ದೆಬದಿ · 16 ಮೇ
ಎಲ್ಲರಿಗೂ ಥ್ಯಾಂಕ್ಸ್. ತೌಕ್ತೆ ಚಂಡಮಾರುತ ಬಂದಿದೆಯಲ್ಲ, ಮಾಪಕದ ಬಾಟಲಿ ಬೆಳಿಗ್ಗೆ ಹೊತ್ತಿಗೆ ತುಂಬಿ ಹೊರಗೆ ಚೆಲ್ಲಿದೆ. ಎಷ್ಟು ಅಂತ ಬರೆಯೋದು? ಮಗಳು ಜಗಳಕ್ಕೆ ನಿಂತಿದ್ದಾಳೆ.

ಇಂಚು_ಸೆಂಟ್
ಒಂದು ಲೀಟರ್ ಅಂದರೆ 5 ಇಂಚು. "5 ಇಂಚಿಗಿಂತ ಜಾಸ್ತಿ" ಅಂತ ಬರೀಲಿ, ಊಹೆ ಮಾಡಿ ಸಂಖ್ಯೆ ಹಾಕೋದು ಬೇಡ. ಇವತ್ತಿಂದ ಬಾಟಲಿಯನ್ನ ಒಂದು ಬಕೆಟ್ ಒಳಗೆ ನಿಲ್ಲಿಸಿ, ಬಕೆಟ್ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ, ಆಲಿಕೆ ಮಾತ್ರ ಹೊರಗೆ ಬರಲಿ. ಆಲಿಕೆ ಸುತ್ತ ಸೋರದ ಹಾಗೆ ಮೇಣ ಹಚ್ಚಿ. ಬಾಟಲಿ ತುಂಬಿದ್ದು ಬಕೆಟ್‌ಗೆ ಬೀಳುತ್ತೆ, ಎರಡನ್ನೂ ಸೇರಿಸಿ ಅಳೆದರೆ ಆಯ್ತು. ಆಲಿಕೆಯ ಕತ್ತು ಬಾಟಲಿ ಬಾಯಿಗೆ ಗಟ್ಟಿಯಾಗಿ ಕೂರಿಸಬೇಡಿ, ಒಳಗಿನ ಗಾಳಿ ಹೊರಗೆ ಹೋಗೋಕೆ, ತುಂಬಿದ ನೀರು ಹರಿಯೋಕೆ ಸಂದು ಬೇಕು. ಗುಡುಗು ಇರುವಾಗ ನೋಡೋಕೆ ಓಡಬಾರದು, ಎಂಟೂವರೆವರೆಗೆ ಕಾಯಲಿ.

ಗದ್ದೆಬದಿ
ಪುಸ್ತಕದಲ್ಲಿ ಪೆನ್ನಿಂದ ಬರೆದದ್ದೆಲ್ಲ ಮಳೆಗೆ ಕಲಸಿಹೋಗಿದೆ.

ಹಳೆ_ಮೇಷ್ಟ್ರು
ಪೆನ್ಸಿಲ್ ಕೊಡಿ. ನೀರು ಬಿದ್ದರೂ ಹೋಗಲ್ಲ.

ರೊಬಸ್ಟಾ72
ಅಜ್ಜಿ, ಹಸುವಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಸೋಮವಾರಪೇಟೆ ಕಡೆ ಆಡೋರಿಗೇ ಕೊಡ್ತಾರೆ.

ಅಳಗುಳಿ_ಅಜ್ಜಿ
ಸೋಮವಾರಪೇಟೆಯವರು ಗೆಲ್ಲೋಕೆ ಬೇರೆ ದಾರಿ ಹುಡುಕಲಿ.